'ಎಂಡೆವರ್' ಫಲಕಗಳು ಸಿದ್ಧವಾಗಿವೆ: ನೆರವಾದವರಿಗೆಲ್ಲ ನಮಸ್ಕಾರ

ಆಸ್ಟ್ರೇಲಿಯಾದ ಮೀನುಗಾರಿಕೆ ಸಂಶೋಧನೆಯ ಉಗಿಹಡಗು 'ಎಂಡೆವರ್' ಕಣ್ಮರೆಯಾದ ಬಗ್ಗೆ ಕನ್ನಡದಲ್ಲಿ ಮಾಡುತ್ತಿದ್ದ ಚಿತ್ರಫಲಕಗಳ ಕೆಲಸ ಮುಗಿದಿದೆ. ಯಾರಿಂದ ಏನು ದಕ್ಕಿತು ಎಂದು ಹೇಳದೆ ಬರೀ ಧನ್ಯವಾದ ಅಂದುಬಿಟ್ಟರೆ ಋಣ ತೀರುವುದಿಲ್ಲ.

ಹಿನ್ನೆಲೆ ಇಷ್ಟು. ನಾರ್ವೆಯಲ್ಲಿ ಹುಟ್ಟಿದ ಹಾರಾಲ್ಡ್ ಡ್ಯಾನವಿಗ್ ಆಸ್ಟ್ರೇಲಿಯಾದ ಮೀನುಗಾರಿಕೆ ನಿರ್ದೇಶಕರಾಗಿದ್ದರು. 1909ರಿಂದ ಈ ಹಡಗಿನಲ್ಲಿ ಕಡಲತಳವನ್ನು ಗೋರುವ ಟ್ರಾಲ್ ಬಲೆ ಎಳೆಯುತ್ತ, ಎಲ್ಲಿ ಮೀನಿದೆ, ಎಲ್ಲಿ ಬಲೆ ಹರಿಯದಂಥ ನೆಲವಿದೆ ಎಂದು ಹುಡುಕಿದರು. 1914ರ ಕೊನೆಗೆ ಮೀನಿಗೆ ಸಂಬಂಧವೇ ಇಲ್ಲದ ಕೆಲಸ ಬಂತು: ದೂರದ ದಕ್ಷಿಣದ ಮ್ಯಾಕ್ವಾರಿ ದ್ವೀಪದ ಹವಾಮಾನ ಕೇಂದ್ರಕ್ಕೆ ಹೋಗಿಬರುವುದು. ಡಿಸೆಂಬರ್ 3ರಂದು ದ್ವೀಪ ಬಿಟ್ಟ ಹಡಗು ಮಂಜಿನಲ್ಲಿ ಮರೆಯಾಯಿತು. ಡ್ಯಾನವಿಗ್ ಸೇರಿ ಒಬ್ಬರೂ ಮರಳಲಿಲ್ಲ.

ಮೊದಲ ನಮಸ್ಕಾರ ಮಲ್ಪೆಯ ತಂಡೇಲರಿಗೆ, ಅಂದರೆ ಬೋಟು ನಡೆಸುವವರಿಗೆ. ನಕ್ಷೆ ನೋಡಿದೊಡನೆ ಅವರು ಕೇಳಿದ್ದು "ಹೊರಟ ಮೇಲೆ ಮೊದಲು ಸಿಗುವ ಬಂಡೆ ಎಲ್ಲಿದೆ?" ಎಂದು. ದ್ವೀಪದ ಉತ್ತರಕ್ಕೆ ಸುಮಾರು 11 ಕಿ.ಮೀ. ದೂರದಲ್ಲಿ 'ಜಡ್ಜ್ ಅಂಡ್ ಕ್ಲರ್ಕ್' ಬಂಡೆಗಳಿವೆ. ಊರಿನ ದಾರಿ ಇರುವುದೂ ಉತ್ತರಕ್ಕೇ. ಅಲ್ಲಿ ದಿಕ್ಸೂಚಿಯನ್ನೂ ಪೂರ್ತಿ ನಂಬುವಂತಿಲ್ಲ. ದಕ್ಷಿಣ ಕಾಂತಧ್ರುವ ಹತ್ತಿರವಾದಷ್ಟೂ ಭೂಕಾಂತದ ಸೆಳೆತ ಕೆಳಮುಖವಾಗುತ್ತದೆ, ಮುಳ್ಳನ್ನು ಅಡ್ಡಕ್ಕೆ ತಿರುಗಿಸುವ ಬಲ ಕುಗ್ಗುತ್ತದೆ, ಹಡಗಿನದೇ ಕಬ್ಬಿಣದ ಎಳೆತ ಮೇಲುಗೈ ಪಡೆಯುತ್ತದೆ. ಬರೀ 3 ಡಿಗ್ರಿ ತಪ್ಪಿದರೂ 800 ನಾಟಿಕಲ್ ಮೈಲಿಯ (ಸುಮಾರು 1,500 ಕಿ.ಮೀ.) ಕೊನೆಗೆ 42 ಮೈಲಿ ಪಕ್ಕಕ್ಕೆ ಸರಿದಿರುತ್ತೀರಿ. ಮೋಡ, ಮಂಜಿನಲ್ಲಿ ಸೂರ್ಯನನ್ನು ನೋಡಿ ತಿದ್ದಿಕೊಳ್ಳುವ ದಾರಿಯೂ ಇಲ್ಲ.

ಕಲ್ಲಿದ್ದಲಿನ ಲೆಕ್ಕ ಹಾಕಿಕೊಟ್ಟವರು ಮರೈನ್ ಎಂಜಿನಿಯರ್‌ಗಳು. ದ್ವೀಪದಿಂದ ಟಾಸ್ಮೇನಿಯಾದ ಹೋಬಾರ್ಟ್ ಬಂದರಿಗೆ ಸುಮಾರು 1,500 ಕಿ.ಮೀ. 9 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 9 ನಾಟಿಕಲ್ ಮೈಲಿ ಹೋದರೆ ನಾಲ್ಕು ದಿನ. ಎದುರುಗಾಳಿಯಲ್ಲಿ 5 ನಾಟ್‌ಗೆ ಇಳಿದರೆ ಏಳು ದಿನ. ದಿನಕ್ಕೆ 6 ಟನ್ ಉರಿಯುತ್ತದೆ ಎಂದು ಹಿಡಿದರೆ 24 ಟನ್ ಬೇಕಾದಲ್ಲಿ 42 ಟನ್ ಬೇಕು. ಉರಿದದ್ದು ತಳದ ಭಾರ. ಅದು ಕರಗಿದಂತೆ ಗುರುತ್ವಕೇಂದ್ರ ಮೇಲೇರಿ, ವಾಲಿದ ಹಡಗು ನೆಟ್ಟಗಾಗಲು ತಡಮಾಡುತ್ತದೆ. ಹೆಚ್ಚುವರಿ ಕಲ್ಲಿದ್ದಲನ್ನು ಚೀಲಗಳಲ್ಲಿ ಡೆಕ್ ಮೇಲೆ ಪೇರಿಸುವ ರೂಢಿ ಉಗಿಹಡಗುಗಳಲ್ಲಿ ಇತ್ತು. ಅದರಿಂದ ಇನ್ನೊಂದು ತೊಂದರೆ. ಡೆಕ್ಕಿನ ಅಂಚಿನ ಕಿಂಡಿಗಳಿಗೆ ಚೀಲ ಅಡ್ಡ ಬಂದರೆ ಒಳಗೆ ಬಿದ್ದ ಅಲೆಯ ನೀರು ಹೊರಹೋಗುವುದಿಲ್ಲ. 8 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗದಲ್ಲಿ ಅರ್ಧ ಮೀಟರ್ ನೀರು ನಿಂತರೆ 20 ಟನ್ ದಾಟಿತು, ಅದೂ ಅತ್ತಿತ್ತ ಓಡಾಡುವ ಭಾರ.

ಬಾಯ್ಲರ್ ಕೆಲಸದಲ್ಲಿ ಪಳಗಿದ ಹಿರಿಯರು ಸೇರಿಸಿದ ಫಲಕ ನಮ್ಮ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಎಂಜಿನ್ ಕೋಣೆಯ ಮೇಲಿನ ಗಾಜಿನ ಕಿಟಕಿ ಅಲೆಗೆ ಒಡೆಯಿತು ಅನ್ನಿ. ನೀರು ಕೆಳಗಿಳಿದು ಬೂದಿ, ಕಲ್ಲಿದ್ದಲ ಪುಡಿಯನ್ನು ಕಲಸುತ್ತದೆ. ಆ ರಾಡಿ ಪಂಪಿನ ಜಾಲರಿಗೆ ಮೆತ್ತಿಕೊಂಡು ನೀರು ಮೇಲೆತ್ತುವುದು ನಿಲ್ಲುತ್ತದೆ. ನೀರೇರಿ ಒಲೆ ಮುಟ್ಟಿದರೆ ಬೆಂಕಿ ಆರುತ್ತದೆ, ಉಗಿ ಇಳಿಯುತ್ತದೆ. ಪಂಪಿಗೂ ಎಂಜಿನ್ನಿಗೂ ಉಗಿಯೇ ಜೀವ. ತಿರುಗದ ಹಡಗು ಅಲೆಗೆ ಅಡ್ಡ ಬೀಳುತ್ತದೆ. ಎಂಡೆವರ್‌ಗೆ ಹೀಗೇ ಆಯಿತೆಂದು ಫಲಕ ಹೇಳುವುದಿಲ್ಲ. ಇಂಥ ಹಡಗು ಹೀಗೆ ಮುಳುಗಬಲ್ಲದು, ಅಷ್ಟೇ.

ಮೊದಲ ಮಹಾಯುದ್ಧದ ಕಾಲವಾದ್ದರಿಂದ ಜರ್ಮನ್ ನೌಕೆಯ ಮೇಲೆ ಅನುಮಾನ ಹೋಗುವುದು ಸಹಜ. ಆದರೆ ಮದ್ರಾಸಿಗೆ ಗುಂಡು ಹೊಡೆದಿದ್ದ 'ಎಂಡನ್' ನವೆಂಬರ್ 9ಕ್ಕೇ ಕೋಕೋಸ್ ದ್ವೀಪದ ಬಳಿ ಮುಗಿದಿತ್ತು. ಜರ್ಮನ್ ಅಡ್ಮಿರಲ್ ಸ್ಪೀಯ ನೌಕಾದಂಡು ಆ ವಾರ ದಕ್ಷಿಣ ಅಮೆರಿಕದ ತುದಿಯಲ್ಲಿತ್ತು. ದಿನಾಂಕ ಹುಡುಕಿಕೊಟ್ಟ ಇತಿಹಾಸದ ಮೇಷ್ಟ್ರಿಗೆ ವಂದನೆ.

ಅವಶೇಷ ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಕಡಲಿನದೇ ಒಂದು ಹೋಲಿಕೆ ಇದೆ. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಡನೆ ಕಾಣೆಯಾದ ಮಲ್ಪೆಯ 'ಸುವರ್ಣ ತ್ರಿಭುಜ' ಬೋಟಿನ ಅವಶೇಷವನ್ನು 2019ರಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣದ ಕಡಲಿನಲ್ಲಿ ಪತ್ತೆಮಾಡಿತು. ಆಳ ಸುಮಾರು 60 ಮೀಟರ್. ಮ್ಯಾಕ್ವಾರಿಯ ದಾರಿಯಲ್ಲಿ ಆಳ ಸಾವಿರಾರು ಮೀಟರ್. ಆ ಬೋಟಿನ ವಿಷಯ ಎಷ್ಟು ಸೇರಿಸಬೇಕು, ಯಾವ ಚಿತ್ರ ಬೇಡ ಎಂದು ಕಡಲತೀರದವರು ತಿಳಿಸಿದರು, ಹಾಗೆಯೇ ಮಾಡಿದ್ದೇವೆ.

ಮೀನುಗಾರಿಕೆ ಓದಿದ ಮಿತ್ರರಿಗೆ ಬೇರೆಯದೇ ಸಾಲವಿದೆ. ಹಡಗು ಹೋದರೂ ಅದು ಮೊದಲೇ ತಂದಿಟ್ಟಿದ್ದ ಮಾದರಿಗಳು ಉಳಿದವು. 1926ರಲ್ಲಿ ಅವುಗಳಲ್ಲೊಂದು ಸಿಗಡಿಗೆ ಹಡಗಿನದೇ ಹೆಸರಿಟ್ಟರು. ಇಂದು ಅದು ಮೆಟಾಪೀನಿಯಸ್ ಎಂಡೆವರಿ. ನಮ್ಮ ಕರಾವಳಿಯ ಮೆಟಾಪೀನಿಯಸ್ ಡಾಬ್ಸೋನಿ ಅದರ ಬಳಗದ್ದೇ. 1915ರಲ್ಲಿ ನ್ಯೂ ಸೌತ್ ವೇಲ್ಸ್ ಸರ್ಕಾರ ಕೊರಾಗ, ಬ್ರಾಲ್ಗ, ಗುನುಂಡಾಲ್ ಎಂಬ ಉಗಿ ಟ್ರಾಲರ್‌ಗಳನ್ನು ಇಳಿಸಿದ್ದೂ ಎಂಡೆವರ್ ಹುಡುಕಿದ ಮೀನಿನ ನೆಲೆಗಳನ್ನು ನೆಚ್ಚಿಕೊಂಡೇ.

ಫಲಕಗಳನ್ನು ಶಾಲೆ, ಗ್ರಂಥಾಲಯಗಳಲ್ಲಿ ಯಾರು ಬೇಕಾದರೂ ಹಾಕಬಹುದು. ದಿಕ್ಸೂಚಿಯ ಫಲಕದ ಮುಂದೆ ಒಂದು ನಿಜವಾದ ದಿಕ್ಸೂಚಿ, ಒಂದು ಕಬ್ಬಿಣದ ಸುತ್ತಿಗೆ ಇಡಿ. ಮಕ್ಕಳು ಸುತ್ತಿಗೆಯನ್ನು ಹತ್ತಿರ ತಂದು ಮುಳ್ಳು ಸರಿಯುವುದನ್ನು ನೋಡಲಿ.