ಒಂಬತ್ತನೆಯ ತರಗತಿಯ ಪೋಷಕರಿಗೆ: ಮುಂಬಯಿಯ ಹಳೆಯ ಯಹೂದಿ ಮೊಹಲ್ಲಾಕ್ಕೆ ಒಂದು ದಿನದ ಭೇಟಿ

ಮಾನ್ಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳನ್ನು ಈ ತಿಂಗಳ ಕೊನೆಯ ಗುರುವಾರ ಮಾಂಡ್ವಿಯ ಇಸ್ರೇಲ್ ಮೊಹಲ್ಲಾ, ಬೈಕಲಾ ಮತ್ತು ಕಾಲಾ ಘೋಡಾ ಪರಿಸರದ ಯಹೂದಿ ನೆಲೆಗಳನ್ನು ನೋಡಲು ಕರೆದೊಯ್ಯಬೇಕೆಂದು ನಿರ್ಧರಿಸಿದ್ದೇವೆ. ಕಳೆದ ಪೋಷಕರ ಸಭೆಯಲ್ಲಿ ಈ ವಿಷಯ ಹೇಳಿದಾಗ ನಿಮ್ಮಲ್ಲಿ ಕೆಲವರು, ಎಲಿಫೆಂಟಾವೋ ತಾರಾಲಯವೋ ಇರುವಾಗ ಇದೇಕೆ ಎಂದು ಕೇಳಿದ್ದಿರಿ. ನ್ಯಾಯವಾದ ಪ್ರಶ್ನೆಯೇ ಅದು. ಸಭೆಯ ಗಡಿಬಿಡಿಯಲ್ಲಿ ಎರಡು ಮಾತಿನಲ್ಲಿ ಉತ್ತರಿಸುವುದಕ್ಕಿಂತ ನಿಧಾನವಾಗಿ ಬರೆದು ತಿಳಿಸುವುದು ಮೇಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಮಸ್ಜಿದ್ ಬಂದರ್ ನಿಲ್ದಾಣದಲ್ಲಿ ಇಳಿದು, ಮೂಟೆ ಹೊತ್ತ ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಸ್ವಲ್ಪ ದೂರ ನಡೆದರೆ ಸ್ಯಾಮ್ಯುಯೆಲ್ ಸ್ಟ್ರೀಟ್ ಸಿಗುತ್ತದೆ. ಸಗಟು ವ್ಯಾಪಾರಕ್ಕಾಗಿ ನಿಮ್ಮಲ್ಲಿ ಹಲವರು ಆ ಕಡೆ ಹೋಗಿಯೇ ಇರುತ್ತೀರಿ. ಆ ಬೀದಿಗೆ ಹೆಸರು ಕೊಟ್ಟವರು ಸ್ಯಾಮ್ಯುಯೆಲ್ ಎಝಕೀಲ್ ದಿವೇಕರ್. ಮನೆಮಾತಿನಲ್ಲಿ ಅವರು ಸಾಮಾಜಿ ಹಸಾಜಿ ದಿವೇಕರ್. ಕೊಂಕಣದಿಂದ ಬಂದ ಬೆನೆ ಇಸ್ರೇಲ್ ಸಮುದಾಯದ ಈ ಯಹೂದಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ದೇಶೀ ಅಧಿಕಾರಿಯಾಗಿದ್ದರು. 1780ರಿಂದ 1784ರವರೆಗೆ ನಡೆದ ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಅವರು ಟಿಪ್ಪು ಸುಲ್ತಾನನ ಸೈನ್ಯಕ್ಕೆ ಸೆರೆಸಿಕ್ಕರು. ಇವರು ಬೆನೆ ಇಸ್ರೇಲರು, ಅಂದರೆ ಇಸ್ರೇಲನ ಮಕ್ಕಳು ಎಂದು ತಿಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಹೆಸರಿರುವ ಜನರನ್ನು ಕೊಲ್ಲಬಾರದೆಂದು ಮಗನಲ್ಲಿ ಕೇಳಿಕೊಂಡಳು ಎಂಬ ಕಥೆಯನ್ನು ಆ ಸಮುದಾಯದವರು ಇಂದಿಗೂ ತಮ್ಮ ಮಕ್ಕಳಿಗೆ ಹೇಳುತ್ತಾರೆ. ಜೀವಸಹಿತ ಊರು ಸೇರಿದರೆ ದೇವರಿಗೊಂದು ಮಂದಿರ ಕಟ್ಟಿಸುತ್ತೇನೆಂದು ದಿವೇಕರರು ಸೆರೆಯಲ್ಲಿ ಹರಕೆ ಹೊತ್ತಿದ್ದರಂತೆ. 1796ರಲ್ಲಿ ಅವರು ಸ್ಥಾಪಿಸಿದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ), ಮುಂಬಯಿಯಲ್ಲೇ ಅತ್ಯಂತ ಹಳೆಯದಾದ ‘ಶಾರ್ ಹಾರಹಮೀಮ್’, ಈಗಲೂ ಅಲ್ಲಿದೆ. ಅದಕ್ಕೆ ಬೇಕಾದ, ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ತರಲು ಕೊಚ್ಚಿಗೆ ಹೋದ ದಿವೇಕರರು ಮರುವರ್ಷ ಅಲ್ಲಿಯೇ ತೀರಿಕೊಂಡರು.

ನಮ್ಮ ಮಕ್ಕಳ ಇತಿಹಾಸದ ಪಾಠದಲ್ಲಿ ಆ ಯುದ್ಧ ಎರಡು ಸಾಲಿನಲ್ಲಿ ಮುಗಿಯುತ್ತದೆ. ಅದನ್ನು ಕೊನೆಗಾಣಿಸಿದ ಒಪ್ಪಂದಕ್ಕೆ ಮಂಗಳೂರಿನ ಹೆಸರಿದೆ ಎಂಬುದನ್ನು ಮಕ್ಕಳು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ. ನಮ್ಮ ನಾಡಿನಲ್ಲಿ ನಡೆದ ಒಂದು ಯುದ್ಧ, ಎದುರು ಪಕ್ಷದಲ್ಲಿದ್ದ ಒಬ್ಬ ಸೆರೆಯಾಳಿನ ಹರಕೆಯಾಗಿ, ನಾವು ದಿನವೂ ಲೋಕಲ್ ರೈಲಿನಲ್ಲಿ ದಾಟಿ ಹೋಗುವ ಒಂದು ಬೀದಿಯಾಗಿ ಉಳಿದಿದೆ ಎಂಬುದನ್ನು ಅವರು ಕಣ್ಣಾರೆ ನೋಡಬೇಕೆಂಬುದೇ ಈ ಭೇಟಿಯ ಮೊದಲ ಉದ್ದೇಶ. ರೈಲು ನಿಲ್ದಾಣದ ಹೆಸರಿನಲ್ಲಿರುವ ಮಸ್ಜಿದ್ ಕೂಡ ಈ ಸಿನಗಾಗೇ ಎಂದು ಹಳಬರು ಹೇಳುತ್ತಾರೆ. ಬೆನೆ ಇಸ್ರೇಲರು ತಮ್ಮ ಪ್ರಾರ್ಥನಾ ಮಂದಿರವನ್ನು ಮಸೀದಿ ಎಂದೇ ಕರೆಯುತ್ತಿದ್ದರು.

ಈ ಜನರ ಬದುಕು ನಮ್ಮ ಮಕ್ಕಳಿಗೆ ದೂರದ್ದೆನಿಸಲಾರದು. ಪೂರ್ವಿಕರ ಹಡಗು ಅಲಿಬಾಗಿನ ಹತ್ತಿರದ ನವಗಾಂವ್ ಬಳಿ ಒಡೆದು, ಏಳು ಗಂಡಸರು ಮತ್ತು ಏಳು ಹೆಂಗಸರು ಮಾತ್ರ ದಡ ಸೇರಿದರು ಎಂಬುದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದ ಅವರು ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದರು. ಮನೆಮಾತು ಮರಾಠಿ. ಅಡ್ಡಹೆಸರು ಊರಿನಿಂದ ಬಂದದ್ದು: ದಿವೆಯವರು ದಿವೇಕರ್, ಪೇಣದವರು ಪೇಣಕರ್, ರೋಹೆಯವರು ರೋಹೇಕರ್. ಹರಕೆ ತೀರಿಸುವಾಗ, ಮದುವೆ, ಗೃಹಪ್ರವೇಶಗಳಲ್ಲಿ ಪ್ರವಾದಿ ಎಲಿಯಾಹುವನ್ನು ನೆನೆದು ಅವರು ‘ಮಲಿದಾ’ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟು, ಹೀಬ್ರೂ ಭಾಷೆಯಲ್ಲಿ ಪ್ರಾರ್ಥನೆ ಹೇಳಿ ಎಲ್ಲರಿಗೂ ಹಂಚುತ್ತಾರೆ. ಕರಾವಳಿಯಿಂದ ಬಂದ ನಮ್ಮ ತಾಯಂದಿರು ಅದರ ಚಿತ್ರ ಕಂಡರೆ ಸಾಕು, ಕೈಯಳತೆಯನ್ನೇ ಹೇಳಿಬಿಡುತ್ತೀರಿ. ಬಹಳ ಕಾಲ ಹೊರಗಿನ ಯಹೂದಿಗಳ ಸಂಪರ್ಕವೇ ಇಲ್ಲದೆ ಇದ್ದ ಇವರನ್ನು ಯಹೂದಿಗಳೆಂದು ಮೊದಲು ಗುರುತಿಸಿದವರು ಡೇವಿಡ್ ರಹಾಬಿ ಎಂಬ ಹೊರಗಿನ ಯಹೂದಿಯಂತೆ. ಅವರು ಹಲವು ಬಗೆಯ ಮೀನು ಕೊಟ್ಟು ಅಡುಗೆ ಮಾಡಲು ಹೇಳಿದಾಗ, ಹೆಂಗಸರು ಈಜುರೆಕ್ಕೆ, ಹುರುಪೆಗಳಿದ್ದ ಮೀನನ್ನಷ್ಟೇ ಆರಿಸಿ ಉಳಿದದ್ದನ್ನು ಬದಿಗಿಟ್ಟರು ಎಂದು ಕಥೆಯಿದೆ. ಯಹೂದಿ ಧರ್ಮದ ಆಹಾರ ನಿಯಮವೂ ಅದೇ.

ಮಾಂಡ್ವಿಯಿಂದ ಬೈಕಲಾಕ್ಕೆ ಹೋಗುತ್ತೇವೆ. ಅಲ್ಲಿ ಕಾಣುವುದು ಇನ್ನೊಂದು ಯಹೂದಿ ಸಮುದಾಯದ ನೆಲೆ. ಬಾಗ್ದಾದಿನ ಆಳ್ವಿಕೆಯ ಕಿರುಕುಳ ತಾಳಲಾರದೆ ಊರು ಬಿಟ್ಟ ಡೇವಿಡ್ ಸಸೂನ್ 1832ರಲ್ಲಿ ಮುಂಬಯಿಗೆ ಬಂದು ನೆಲೆಸಿದರು. 1860ರ ದಶಕದಲ್ಲಿ ಅವರು ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗ್ ಎತ್ತರದ ಗಡಿಯಾರ ಗೋಪುರ ಹೊತ್ತು ನಿಂತಿದೆ. ಅವರು ಬಾಳಿದ ಬಂಗಲೆಯಲ್ಲಿ ಇಂದು ಮಸೀನಾ ಆಸ್ಪತ್ರೆಯಿದೆ. ಮಕ್ಕಳು ಬುತ್ತಿ ಬಿಚ್ಚುವ ರಾಣಿಬಾಗ್ ಮೃಗಾಲಯದ ಉದ್ಯಾನದಲ್ಲೂ ಅವರ ಹೆಸರಿನ ಗಡಿಯಾರ ಗೋಪುರವೊಂದಿದೆ. ಸಂಜೆಗೆ ಮುನ್ನ ನೋಡುವ ಕಾಲಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಮೂಲ ಇನ್ನೂ ಸೊಗಸಾದದ್ದು: ಸರ್ಕಾರಿ ಟಂಕಸಾಲೆ ಮತ್ತು ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ತರುಣ ಮೆಕ್ಯಾನಿಕ್‌ಗಳು 1847ರಲ್ಲಿ ಓದಲೆಂದು ಸೇರಿ ಕಟ್ಟಿದ ಸಂಸ್ಥೆ ಅದು, ಸಸೂನರ ನೆರವಿನಿಂದ ಈಗಿನ ಕಟ್ಟಡ 1870ರಲ್ಲಿ ಪೂರ್ಣಗೊಂಡಿತು. ಈ ಮನೆತನ ಹತ್ತಿ, ನೂಲಿನ ಜೊತೆಗೆ ಚೀನಾಕ್ಕೆ ಅಫೀಮು ಕಳಿಸಿಯೂ ಹಣ ಗಳಿಸಿತ್ತು. ಅದನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲ. ದಾನಿಯ ಹೆಸರು ಕೆತ್ತಿದ ಕಲ್ಲಿನ ಮುಂದೆ ನಿಂತು, ಆ ಹಣ ಎಲ್ಲಿಂದ ಬಂತೆಂದು ಕೇಳುವ ವಯಸ್ಸು ಅವರಿಗೆ ಬಂದಿದೆ.

ಮುಖ್ಯೋಪಾಧ್ಯಾಯಿನಿಯಾಗಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಮಝಗಾಂವಿನ ಒಂದು ಶಾಲೆ. ಬೆನೆ ಇಸ್ರೇಲ್ ಮಕ್ಕಳಿಗಾಗಿ 1875ರಲ್ಲಿ ಹೈಮ್ ಸ್ಯಾಮ್ಯುಯೆಲ್ ಕೇಹಿಮಕರ್ ಮತ್ತು ಅವರ ಸಂಗಡಿಗರು ‘ಇಸ್ರೇಲೈಟ್ ಸ್ಕೂಲ್’ ಆರಂಭಿಸಿದರು. ಮುಂದೆ ಯಹೂದಿ ಉದ್ಯಮಿ ಸರ್ ಎಲಿ ಕಡೂರಿಯವರ ದೊಡ್ಡ ನೆರವು ದೊರೆತು ಅದು ಅವರ ಹೆಸರು ಪಡೆಯಿತು. 1948ರ ನಂತರ ಸಮುದಾಯದ ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದವು; ಒಂದು ಕಾಲಕ್ಕೆ ಇಪ್ಪತ್ತು ಸಾವಿರ ಮೀರಿದ್ದ ಜನಸಂಖ್ಯೆಯಲ್ಲಿ ಇಂದು ಇಡೀ ಭಾರತದಲ್ಲಿ ಉಳಿದವರು ಕೆಲವೇ ಸಾವಿರ. ಶಾಲೆ ಮಾತ್ರ ಮುಚ್ಚಲಿಲ್ಲ. ಅಲ್ಲಿಯೂ, ಮಾಗೆನ್ ಡೇವಿಡ್ ಆವರಣದ ಜೇಕಬ್ ಸಸೂನ್ ಶಾಲೆಯಲ್ಲಿಯೂ ಇಂದು ಓದುವವರು ಬೇರೆ ಸಮುದಾಯಗಳ ಮಕ್ಕಳು, ಅದರಲ್ಲೂ ಮುಸ್ಲಿಂ ಮಕ್ಕಳೇ ಹೆಚ್ಚು. ಈ ನಗರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನು ಕಟ್ಟಿದವರೂ ಊರು ಬಿಟ್ಟು ಬಂದವರೇ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ನಿಮ್ಮ ಮನೆಗಳಲ್ಲೂ ಇದ್ದಾರೆ. ಪ್ರತಿ ವರ್ಷ ಹಾಜರಿ ಪುಸ್ತಕ ತೆಳ್ಳಗಾಗುವುದನ್ನು ನೋಡುತ್ತಿರುವ ನನಗೆ, ಕಟ್ಟಿದವರು ತೆರಳಿದ ಮೇಲೂ ಬಾಗಿಲು ತೆರೆದುಕೊಂಡೇ ಇರುವ ಶಾಲೆಯನ್ನು ನಮ್ಮ ಮಕ್ಕಳಿಗೆ ತೋರಿಸಬೇಕೆನಿಸುತ್ತದೆ.

ಪಶ್ಚಿಮ ಏಷ್ಯಾದ ಸುದ್ದಿಗಳನ್ನು ದಿನವೂ ಟಿವಿಯಲ್ಲಿ ನೋಡುತ್ತಿರುವಾಗ ಈ ಭೇಟಿ ಬೇಕೇ ಎಂದೂ ಇಬ್ಬರು ಪೋಷಕರು ಕೇಳಿದ್ದಾರೆ. ನಾವು ನೋಡಹೊರಟಿರುವುದು ಮುಂಬಯಿಯ ಜನರನ್ನು. ಡಾ. ಇ. ಮೋಸೆಸ್ ರಸ್ತೆ ಎಲ್ಲರಿಗೂ ಗೊತ್ತು. ಆ ಎಲೈಜಾ ಮೋಸೆಸ್ ಈ ನಗರದ ಮೇಯರ್ ಆಗಿದ್ದ ಬೆನೆ ಇಸ್ರೇಲಿ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಈ ಸಮುದಾಯಕ್ಕೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿದೆ. ಯುದ್ಧದ ಬಗ್ಗೆ ಮಕ್ಕಳಿಗೆ ಪ್ರಶ್ನೆಗಳಿದ್ದರೆ ಅವನ್ನು ತರಗತಿಯಲ್ಲಿ, ಎಲ್ಲ ಮಕ್ಕಳ ಮನಸ್ಸನ್ನೂ ಗೌರವಿಸಿ, ನಾನೇ ಕುಳಿತು ಚರ್ಚಿಸುತ್ತೇನೆ. ಮಂದಿರದ ಪ್ರಾರ್ಥನೆಯಲ್ಲಿ ಮಕ್ಕಳು ಭಾಗವಹಿಸುವುದಿಲ್ಲ. ಪ್ರಾರ್ಥನೆ ಇಲ್ಲದ ಹೊತ್ತಿನಲ್ಲಿ ಒಳಗೆ ಹೋಗಲು ಅನುಮತಿ ಪಡೆದಿದ್ದೇವೆ. ಜೆರುಸಲೇಮಿನ ದಿಕ್ಕಿಗೆ ಮುಖಮಾಡಿದ, ತೋರಾ ಸುರುಳಿಗಳನ್ನಿಡುವ ಪವಿತ್ರ ಕಪಾಟು, ಅದರ ಮುಂದೆ ಆರದಂತೆ ಕಾಯುವ ದೀಪ, ನಡುವಿನ ಕಟಕಟೆಯ ವೇದಿಕೆ ಇವನ್ನು ನೋಡಿ ಬರುತ್ತೇವೆ. ತೋರಾವನ್ನು ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆಯುತ್ತಾರೆ. ಓದುವಾಗ ಬೆರಳು ತಾಗದಂತೆ, ತುದಿಯಲ್ಲಿ ಪುಟ್ಟ ಕೈಯಿರುವ ಕಡ್ಡಿಯಿಂದ ಸಾಲು ಹಿಡಿಯುತ್ತಾರೆ. ತಾಳೆಗರಿಯ ಪಾಠ ಓದಿರುವ ಮಕ್ಕಳು ಇದನ್ನು ಆಸಕ್ತಿಯಿಂದ ಕೇಳುವರೆಂಬ ಭರವಸೆ ನನಗಿದೆ.

ಇನ್ನು ವ್ಯವಸ್ಥೆಯ ಮಾತು. ಶನಿವಾರ ಅವರ ವಿಶ್ರಾಂತಿಯ ದಿನ, ರಾಣಿಬಾಗ್ ಬುಧವಾರ ಮುಚ್ಚಿರುತ್ತದೆ. ಹಾಗಾಗಿ ಗುರುವಾರವನ್ನು ಆರಿಸಿದೆವು. ಮಕ್ಕಳು ಬೆಳಿಗ್ಗೆ ಎಂಟಕ್ಕೆ ಸಮವಸ್ತ್ರದಲ್ಲಿ ಶಾಲೆಯಲ್ಲಿರಬೇಕು. ಸಂಜೆ ಆರರೊಳಗೆ ಮರಳುತ್ತೇವೆ. 2008ರ ನವೆಂಬರ್ ದಾಳಿಯಲ್ಲಿ ಯಹೂದಿ ಕೇಂದ್ರವಾದ ನರಿಮನ್ ಹೌಸ್ ಗುರಿಯಾದ ನಂತರ ಸಿನಗಾಗ್‌ಗಳಲ್ಲಿ ತಪಾಸಣೆ ಬಿಗಿಯಾಗಿದೆ. ಶಾಲೆಯ ಗುರುತಿನ ಚೀಟಿ ಕೊರಳಲ್ಲಿರಲಿ, ಆಧಾರ್ ಕಾರ್ಡಿನ ನೆರಳಚ್ಚು ಪ್ರತಿಯೊಂದನ್ನು ಮುಂಚಿತವಾಗಿ ತರಗತಿ ಶಿಕ್ಷಕಿಗೆ ತಲುಪಿಸಿ. ಗಂಡುಮಕ್ಕಳು ತಲೆ ಮುಚ್ಚಲು ಟೋಪಿ ಅಥವಾ ಸ್ವಚ್ಛ ಕರವಸ್ತ್ರ ತರಬೇಕು. ಮೊಬೈಲ್ ಬೇಡ. ಬುತ್ತಿಯನ್ನು ಬಾಳೆ ಎಲೆಯಲ್ಲಿಯೋ ಸ್ಟೀಲ್ ಡಬ್ಬಿಯಲ್ಲಿಯೋ ಕಟ್ಟಿಕೊಡಿ. ರಾಣಿಬಾಗಿಗೆ ಪ್ಲಾಸ್ಟಿಕ್ ಒಯ್ಯುವುದು ಬೇಡ. ರೈಲು, ಬಸ್ಸಿನ ಖರ್ಚನ್ನು ನಮ್ಮ ಹಳೆ ವಿದ್ಯಾರ್ಥಿಗಳು ವಹಿಸಿಕೊಂಡಿದ್ದಾರೆ. ನೀವು ಹಣ ಕಳಿಸಬೇಕಾಗಿಲ್ಲ. ಇಕ್ಕಟ್ಟಿನ ಗಲ್ಲಿಗಳಲ್ಲಿ ಮಕ್ಕಳನ್ನು ಸಾಲಾಗಿ ಕರೆದೊಯ್ಯಲು ನಾಲ್ವರು ಪೋಷಕರು ನಮ್ಮ ಜೊತೆ ಬಂದರೆ ಬಹಳ ಉಪಕಾರವಾಗುತ್ತದೆ. ಮಸ್ಜಿದ್ ಬಂದರಿನ ಪೇಟೆಯಲ್ಲಿ ಕೆಲಸ ಮಾಡುವವರು ಮುಂದೆ ಬಂದರೆ ಇನ್ನೂ ಒಳ್ಳೆಯದು.

ಇದರ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಮುಂದಿನ ಸೋಮವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿಕೊಡಿ. ಮನಸ್ಸಿನಲ್ಲಿ ಇನ್ನೂ ಅಳುಕಿದ್ದವರು ಸಹಿಗೆ ಮೊದಲು ಶಾಲೆಗೆ ಬನ್ನಿ. ಮಧ್ಯಾಹ್ನ ಮೂರರ ನಂತರ ನಾನು ಕಚೇರಿಯಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ