ಚಿತ್ರ ಬಂದರೆ ಸಾಲದಾ, ಕಲಾವಿದನೂ ಬಂದು ನಿಲ್ಲಬೇಕಾ?

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರ.

ನಾನು ಧಾರವಾಡದವನು. ಚಿತ್ರ ಬರೆಯುತ್ತೇನೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ನಿಮ್ಮ ಇಲಾಖೆಯಿಂದ ಒಂದು ಕೆಲಸ ಆಗಬೇಕಿದೆ, ಸುತ್ತಿ ಬಳಸಿ ಹೇಳದೆ ನೇರವಾಗಿ ಕೇಳಿಬಿಡುತ್ತೇನೆ. ಮಾನಸಿಕ ತೊಂದರೆ ಇರುವ ಕಲಾವಿದರಿಗಾಗಿ ಲಲಿತಕಲಾ ಅಕಾಡೆಮಿ ವರ್ಷವಿಡೀ ತೆರೆದಿರುವ ಒಂದು ಆನ್‌ಲೈನ್ ಚಿತ್ರಪ್ರದರ್ಶನ ನಡೆಸಬೇಕು.

ಆನ್‌ಲೈನೇ ಯಾಕೆ ಅಂತೀರಾ? ಗ್ಯಾಲರಿಯಲ್ಲಿ ಪ್ರದರ್ಶನ ಅಂದರೆ ತಿಂಗಳುಗಟ್ಟಲೆ ಮೊದಲೇ ದಿನ ಗೊತ್ತುಮಾಡಿ ಅಡ್ವಾನ್ಸ್ ಕಟ್ಟಬೇಕು, ಫ್ರೇಮ್ ಹಾಕಿಸಬೇಕು, ಟೆಂಪೊ ಹಿಡಿದು ಸಾಗಿಸಬೇಕು, ಆಮೇಲೆ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ನಿಂತು ನಗುನಗುತ್ತಾ 'ಇದರ ಅರ್ಥ ಏನ್ರೀ' ಅನ್ನುವವರಿಗೆಲ್ಲ ಉತ್ತರ ಕೊಡಬೇಕು. ಮುಂದಿನ ವಾರ ಹಾಸಿಗೆಯಿಂದ ಏಳಲು ಆಗುತ್ತದೋ ಇಲ್ಲವೋ ಗೊತ್ತಿಲ್ಲದವರು ಇದನ್ನೆಲ್ಲ ಹೇಗೆ ಮಾಡಬೇಕು? ನಾನೊಮ್ಮೆ ಹೀಗೇ ದಿನ ಗೊತ್ತುಮಾಡಿ, ಹೋಗಲಾಗದೆ, ಅಡ್ವಾನ್ಸ್ ಕಳೆದುಕೊಂಡೆ. ಜ್ವರ ಅಂದಿದ್ದರೆ ಬೇರೆ ದಿನ ಕೊಡುತ್ತಿದ್ದರೋ ಏನೋ, ನಿಜ ಹೇಳಿದೆ.

2021ರ ಜನವರಿಯಲ್ಲಿ ಕೊರೊನಾ ಕಾರಣಕ್ಕೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಆನ್‌ಲೈನಲ್ಲಿ ನಡೆಯಿತು, ನೆನಪಿದೆಯಲ್ವಾ? ಆಮೇಲೆ ಸಂತೆ ಕುಮಾರಕೃಪಾ ರಸ್ತೆಗೆ ಮರಳಿತು. ಮರಳಬೇಕಾದದ್ದೇ, ಸಂತೆ ಅಂದಮೇಲೆ ಜನ ಬೇಕು. ಆದರೆ ಊರೆಲ್ಲ ಮನೆಯೊಳಗೆ ಕೂತಾಗ ಆದ ಕೆಲಸ, ಕೆಲವರು ಮಾತ್ರ ಮನೆಯೊಳಗೆ ಉಳಿದಾಗ ಯಾಕೆ ಆಗಬಾರದು?

ಇದನ್ನು ದಾನ ಕೊಟ್ಟಂತೆ ಕೊಡಬೇಕಾಗಿಯೂ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ತೆಗೆದು ನೋಡಿ. ವಿಕಲಚೇತನ ಕಲಾವಿದರಿಗೆ, ಬರಹಗಾರರಿಗೆ ಸೌಲಭ್ಯ, ಬೆಂಬಲ, ಪ್ರಾಯೋಜಕತ್ವ ಸಿಗುವಂತೆ ಸರ್ಕಾರ ಕ್ರಮ ತೆಗೆದುಕೊಳ್ಳಬೇಕು ಅಂತಿದೆ. ಅದೇ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ.

ಹಾಗಂತ ಅರ್ಜಿಯ ಜೊತೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಲಗತ್ತಿಸಿ ಅಂತ ಮಾತ್ರ ಕೇಳಬೇಡಿ ಸರ್. ಬಾಡಿಗೆ ಮನೆ ತಪ್ಪೀತು, ತಂಗಿಯ ಮದುವೆ ಮಾತು ಮುರಿದೀತು ಅಂತ ಹೆದರಿ ಎಷ್ಟೋ ಜನ ಆ ಕಾರ್ಡ್ ಮಾಡಿಸುವುದೇ ಇಲ್ಲ. 'ನನಗೆ ತೊಂದರೆ ಇದೆ' ಅಂತ ಕಲಾವಿದರು ಬರೆದುಕೊಟ್ಟರೆ ಸಾಕು ಅನ್ನಿ. ಸುಳ್ಳು ಹೇಳಿಕೊಂಡು ಬರುತ್ತಾರೆ ಅನ್ನುವ ಅನುಮಾನವೇ? ಇಲ್ಲದ ಹುಚ್ಚನ್ನು ಇದೆ ಅಂತ ಹೇಳಿಕೊಂಡವರನ್ನು ನಾನಂತೂ ನೋಡಿಲ್ಲ. ಇದ್ದದ್ದನ್ನು ಮುಚ್ಚಿಡುವವರೇ ಜಾಸ್ತಿ.

ಇನ್ನು ಮುಖ್ಯವಾದ ಮಾತು. ಪ್ರದರ್ಶನ ಇಟ್ಟ ಮಾತ್ರಕ್ಕೆ ಒಳ್ಳೆಯದೇ ಆಗುತ್ತದೆ ಅಂತೇನಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹಾನ್ಸ್ ಪ್ರಿಂಟ್ಸ್‌ಹಾರ್ನ್ ಎಂಬ ವೈದ್ಯ ಮಾನಸಿಕ ಆಸ್ಪತ್ರೆಗಳ ರೋಗಿಗಳು ಬರೆದ ಸಾವಿರಾರು ಚಿತ್ರಗಳನ್ನು ಪ್ರೀತಿಯಿಂದ ಕೂಡಿಸಿದ್ದ, 1922ರಲ್ಲಿ ಅವುಗಳ ಬಗ್ಗೆ ಪುಸ್ತಕವನ್ನೂ ಬರೆದ. ಆಮೇಲೆ ಬಂದ ನಾಜಿಗಳು ಅದೇ ಸಂಗ್ರಹದಿಂದ ಚಿತ್ರಗಳನ್ನು ಒಯ್ದು, ತಮಗೆ ಸೇರದ ಆಧುನಿಕ ಕಲಾವಿದರ ಚಿತ್ರಗಳ ಪಕ್ಕಕ್ಕೆ ತೂಗುಹಾಕಿ, 'ನೋಡಿ, ಇವರೂ ಹುಚ್ಚರೇ' ಅಂತ ಊರೂರು ತಿರುಗಿಸಿ ತೋರಿಸಿದರು. ಆ ಸಂಗ್ರಹದಲ್ಲಿದ್ದ ಕಲಾವಿದ ಫ್ರಾಂಜ್ ಕಾರ್ಲ್ ಬ್ಯೂಲರ್ ಮೊದಲು ಕಬ್ಬಿಣದಲ್ಲಿ ಕುಸುರಿ ಕೆಲಸ ಮಾಡುತ್ತಿದ್ದವನು, 1940ರಲ್ಲಿ ಅವನನ್ನು ಕೊಂದೇ ಹಾಕಿದರು. ಅದೇ ಬ್ರೆಜಿಲ್‌ನಲ್ಲಿ ನೀಸಿ ದ ಸಿಲ್ವೇರಾ ಎಂಬ ವೈದ್ಯೆ ರಿಯೊ ನಗರದ ಆಸ್ಪತ್ರೆಯಲ್ಲಿ ರೋಗಿಗಳ ಕೈಗೆ ಕುಂಚ ಕೊಟ್ಟು, 1952ರಲ್ಲಿ ಅವರ ಚಿತ್ರಗಳಿಗೆ ಒಂದು ಮ್ಯೂಸಿಯಂ ಕಟ್ಟಿದರು. ಚಿತ್ರಗಳು ಎರಡೂ ಕಡೆ ಗೋಡೆಗೇರಿದವು, ಏರಿಸಿದವರ ಮನಸ್ಸು ಬೇರೆ.

ಹಾಗಾಗಿ ಚಿತ್ರದ ಕೆಳಗೆ ಕಾಯಿಲೆಯ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಯಾವ ಬಣ್ಣ, ಎಷ್ಟು ಅಳತೆ, ಯಾವ ವರ್ಷ ಅಂತಿದ್ದರೆ ಸಾಕು. ಸ್ವಂತ ಹೆಸರೋ ಕಾವ್ಯನಾಮದಂಥ ಬೇರೆ ಹೆಸರೋ ಕಲಾವಿದರೇ ಹೇಳಲಿ, ನಾಳೆ ಮನಸ್ಸು ಬದಲಾದರೆ ತೆಗೆಸುವ ದಾರಿಯೂ ಇರಲಿ. ರೋಗಿಯ ಫೋಟೊ, ವಿವರಗಳನ್ನು ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ, ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಅದು ಅನ್ವಯ. ಕಾಮೆಂಟ್ ಬಾಕ್ಸ್ ದಯವಿಟ್ಟು ಮುಚ್ಚಿಡಿ.

ದುಡ್ಡಿನ ಮಾತೂ ಆಡಬೇಕು. ಮಾರಾಟವಾದರೆ ಪೂರ್ತಿ ಹಣ ಕಲಾವಿದರ ಖಾತೆಗೇ ಹೋಗಲಿ, ಆಗದಿದ್ದರೂ ಚಿತ್ರ ಇಟ್ಟದ್ದಕ್ಕೆ ಗೌರವಧನ ಕೊಡಿ. ಹಳೇ ಮೊಬೈಲಿನಲ್ಲಿ ತೆಗೆದರೆ ನೀಲಿ ಬೂದಿಯಾಗುತ್ತದೆ, ಕೆಂಪು ಕೇಸರಿಯಾಗುತ್ತದೆ, ಆದ್ದರಿಂದ ಒಬ್ಬ ಒಳ್ಳೆಯ ಫೋಟೊಗ್ರಾಫರ್ ಜಿಲ್ಲೆ ಜಿಲ್ಲೆಗೆ ಹೋಗಲಿ. ಮಾನಸಿಕ ತೊಂದರೆ ಇರುವವರು ಹಗಲು ಬಂದುಹೋಗುವ, ಆರೋಗ್ಯ ಇಲಾಖೆಯ ಮಾನಸಧಾರಾ ಕೇಂದ್ರಗಳಿವೆ, ಇಲ್ಲಿ ಧಾರವಾಡದಲ್ಲಿ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಲ್ಲಿಂದ ಶುರುಮಾಡಬಹುದು. ಕೊನೆಯ ದಿನಾಂಕ ಅಂತ ಇಡಬೇಡಿ, ಈ ತಿಂಗಳು ಆಗದವರು ಮುಂದಿನ ತಿಂಗಳು ಕಳಿಸಲಿ. ಪುಟದ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಹಾಕಿ, ನೋಡಲು ಬಂದವರಿಗೂ ಬೇಕಾಗಬಹುದು. ಚಿತ್ರ ಬರೆದರೆ ಕಾಯಿಲೆ ಓಡಿಹೋಗುತ್ತದೆ ಅಂತೆಲ್ಲ ಪ್ರಚಾರ ಮಾಡಬೇಡಿ. ನಾನು ಬರೆಯುತ್ತಲೇ ಇದ್ದೇನೆ, ಮಾತ್ರೆಯನ್ನೂ ನುಂಗುತ್ತಲೇ ಇದ್ದೇನೆ.

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತೇ ಉದ್ಘಾಟನೆ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ನಮ್ಮನ್ನು ವೇದಿಕೆಗೆ ಕರೆದು ಶಾಲು ಹೊದಿಸುವುದೊಂದು ಬೇಡ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ಚಿತ್ರಕಲಾವಿದ