ಅಪ್ಪನಿಗೆ, ಕೋಪನ್‌ಹೇಗನ್‌ನಿಂದ

ಅಪ್ಪನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಮ್ಮನ ಪತ್ರ ನಿನ್ನೆ ಸಿಕ್ಕಿತು. ಕಾಳುಮೆಣಸಿನ ರೇಟು, ಹಸು ಕರು ಹಾಕಿದ್ದು, ಮಧ್ಯೆ ಎರಡೇ ಸಾಲು: ನಿಮ್ಮ ಕೆನ್ನೆಯ ಒಳಗೆ ಬಿಳಿ ಮಚ್ಚೆ, ಖಾರ ತಿಂದರೆ ಉರಿ, ಎರಡು ತಿಂಗಳಾಯ್ತು ಅಂತ. ಅಮ್ಮನ ಮೇಲೆ ರೇಗಬೇಡಿ. ಫೋನಿನಲ್ಲಿ ಕೇಳಿದರೆ ನೀವು ಮಾತು ತಿರುಗಿಸುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಬಿಸಿ ಕಾಫಿಗೆ ಸುಟ್ಟಿದ್ದು ಅಂದಿರಂತೆ. ಅದಾಗಿದ್ದರೆ ವಾರದಲ್ಲಿ ಮಾಯುತ್ತಿತ್ತು. ನನ್ನ ಕಣ್ಣಿಗೆ ಬರೋದು ನಿಮ್ಮ ಖಾಕಿ ಪ್ಯಾಂಟಿನ ಜೇಬಿನ ಆ ಸ್ಟೀಲ್ ಡಬ್ಬಿ. ಮಡಿಕೇರಿ ದಸರಾದ ಮಂಟಪ ಬಂದೋಬಸ್ತ್ ಮುಗಿಸಿ ಬೆಳಿಗ್ಗೆ ಬಂದಾಗ ಅದು ಖಾಲಿಯಾಗಿರುತ್ತಿತ್ತು. ನಿದ್ದೆ ತಡೆಯೋಕೆ ಬೇಕು ಅನ್ನುತ್ತಿದ್ದಿರಿ. 'ನಂದು ಬರೀ ಎಲೆಅಡಿಕೆ, ಹೊಗೆಸೊಪ್ಪು ಮುಟ್ಟಲ್ಲ' ಅಂತ ಜಂಬ ಬೇರೆ. ಹೊಗೆಸೊಪ್ಪು ಹಾಕದಿದ್ದರೂ ಎಲೆಅಡಿಕೆಯಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. (ಸಂಪಾಜೆ ಮಾವನಿಗೆ ಇದನ್ನು ಓದಿ ಹೇಳಬೇಡಿ, ಅಡಿಕೆ ತೋಟದವರು.)

ನಿಮ್ಮ ಕೆಲಸವೂ ಸುಮ್ನೆ ಬಿಡುವಂಥದ್ದಲ್ಲ. ಕುಶಾಲನಗರದಲ್ಲಿ ಲಾರಿಗಳ ಮಧ್ಯೆ ನಿಂತು ಕುಡಿದ ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ 2012ರಲ್ಲಿ ಅವರೇ ಖಚಿತ ಮಾಡಿದರು. ರಾತ್ರಿಪಾಳಿಯಿಂದಲೂ ಬರಬಹುದು ಅಂದದ್ದು 2007ರಲ್ಲಿ. ಅದಾದ ಮೇಲೆ ಇಲ್ಲಿ ವರ್ಷಗಟ್ಟಲೆ ನೈಟ್ ಮಾಡಿ ಸ್ತನ ಕ್ಯಾನ್ಸರ್ ಬಂದ ಕೆಲವು ಹೆಂಗಸರಿಗೆ ಪರಿಹಾರವೇ ಸಿಕ್ಕಿದೆ. ಹೊಗೆ, ನೈಟ್ ಬೀಟ್ ನಿಮ್ಮ ಕೈಯಲ್ಲಿಲ್ಲ. ಡಬ್ಬಿ ಇದೆ ಅಲ್ವಾ?

'ನೀನೂ ವೃದ್ಧಾಶ್ರಮದಲ್ಲಿ ನೈಟ್ ಮಾಡ್ತೀಯಲ್ಲ' ಅಂತ ತಿರುಗಿ ಕೇಳುತ್ತೀರಿ, ಗೊತ್ತು. ನನ್ನದು ವಾರಕ್ಕೆ ಎರಡೇ ರಾತ್ರಿ. ಹಗಲು ದಪ್ಪ ಪರದೆ ಎಳೆದು ಮಲಗುತ್ತೇನೆ. ಊಟ ಸರಿಯಾಗಿದೆ. ನಿಜವಾಗಲೂ ಸರಿಯಾಗಿದೆ. ಈಗ ರಾತ್ರಿ ಹತ್ತಕ್ಕೂ ಬೆಳಕು. ತಾಯಂದಿರು ಕೂಸನ್ನು ಗಾಡಿಯಲ್ಲಿ ಮಲಗಿಸಿ ಹೋಟೆಲ್ ಹೊರಗೇ ಬಿಟ್ಟು ಒಳಗೆ ಕಾಫಿ ಕುಡಿಯುತ್ತಾರೆ. ನೀವಿದ್ದಿದ್ದರೆ ಕೇಸೇ ಹಾಕುತ್ತಿದ್ದಿರಿ! ಕೂಸುಗಳು ಗಟ್ಟಿಮುಟ್ಟಾಗಿವೆ, ಸುಳ್ಳು ಹೇಳಬಾರದು.

ಶುಕ್ರವಾರ ಸಿಎಲ್ ಹಾಕಿ ಮಡಿಕೇರಿಗೆ ಹೋಗಿ, ಹಲ್ಲಿನ ಡಾಕ್ಟರಿಗೆ ತೋರಿಸಿ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರೆ ಹೆದರಬೇಡಿ. ಬಿಳಿ ಮಚ್ಚೆಯೆಲ್ಲ ಕ್ಯಾನ್ಸರ್ ಅಲ್ಲ. ಏನೂ ಇರಲ್ಲ. ಏನಾದರೂ ಇದ್ದರೂ ಈಗಲೇ ಗೊತ್ತಾದರೆ ವಾಸಿಯಾಗುತ್ತದೆ. ದುಡ್ಡಿನ ಮಾತು ಬೇಡ, ಪೊಲೀಸರ ಆರೋಗ್ಯ ಭಾಗ್ಯ ಯೋಜನೆ ಇದೆ, ನಾನಿದ್ದೇನೆ. ಅಮ್ಮನನ್ನು ಕರೆದುಕೊಂಡೇ ಹೋಗಿ, ಒಬ್ಬರೇ ಹೋದರೆ ಗೇಟಿನಿಂದ ವಾಪಸ್ ಬರುತ್ತೀರಿ.

ಡ್ಯೂಟಿಗೆ ಹೊತ್ತಾಯ್ತು, ಸೈಕಲ್ಲಿಗೆ ಗಾಳಿ ಬೇರೆ ಹಾಕಬೇಕು. ಡಬ್ಬಿ ಅಮ್ಮನ ಕೈಗೆ ಕೊಡಿ.

ನಿಮ್ಮ ಪುಟ್ಟಿ